ಹಳೆ ಕಾರಿನ ಆಕ್ಸಿಲರೇಟರ್ ಕೇಬಲ್ ತೆಗೆದು ಎಲೆಕ್ಟ್ರಾನಿಕ್ ಥ್ರಾಟಲ್ ಹಾಕುವುದು ಹೇಗೆ

ಬಾವನ ಹತ್ರ 1993ರ ಕಾಂಟೆಸ್ಸಾ ಉಂಟು, ಇಸುಝು 1.8 ಪೆಟ್ರೋಲ್ ಎಂಜಿನ್ನಿನದ್ದು. ಎರಡು ವರ್ಷದ ಹಿಂದೆ ಅದರ ಕಾರ್ಬ್ಯುರೇಟರ್ ತೆಗೆದು ಇಂಜೆಕ್ಷನ್ ಹಾಕಿದ್ದೆವು. ಈ ಸಲ ಕೇಬಲ್ಲನ್ನೂ ಕಿತ್ತು ಎಲೆಕ್ಟ್ರಾನಿಕ್ ಥ್ರಾಟಲ್ ಹಾಕಿದೆವು, ಅಂದ್ರೆ ಪೆಡಲ್ ತುಳಿದದ್ದು ವಯರಿನಲ್ಲಿ ಹೋಗಿ, ಎಂಜಿನ್ನಿಗೆ ಗಾಳಿ ಬಿಡುವ ಮುಚ್ಚಳವನ್ನು ಮೋಟಾರ್ ತಿರುಗಿಸುತ್ತದೆ. ಇಲ್ಲಿ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಬಾನೆಟ್ ತೆಗೆದರೆ ಸಾಕು, ಯಾರಾದರೂ ಬಂದು "ಕೇಬಲ್ ಎಲ್ಲಿ ಮಾರಾಯ್ರೇ?" ಅಂತ ಕೇಳುತ್ತಾರೆ. ಎಲ್ಲರಿಗೂ ಬೇರೆಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಕಾರ್ಬ್ಯುರೇಟರ್ ಇರುವ ಗಾಡಿಗೆ ಇದು ಹೇಳಿದ್ದಲ್ಲ, ಮೊದಲು ಇಂಜೆಕ್ಷನ್ ಆಗಬೇಕು. ಕೇಬಲ್ ಬಿಗಿಯಾಗಿದೆ ಅನ್ನುವುದಷ್ಟೇ ನಿಮ್ಮ ತೊಂದರೆಯಾದರೆ ಹೊಸ ಕೇಬಲ್ ಹಾಕಿ ಸುಮ್ನಿರಿ. ಎಸಿ ಹಾಕಿದಾಗ ಐಡಲ್ (ಪೆಡಲ್ ತುಳಿಯದಿರುವಾಗ ಎಂಜಿನ್ ಓಡುವ ವೇಗ) ಬೀಳಬಾರದು, ಕ್ರೂಸ್ ಕಂಟ್ರೋಲ್ ಬೇಕು ಅಂತಿದ್ದರೆ ಮಾತ್ರ ಈ ಖರ್ಚಿಗೆ ಅರ್ಥ ಉಂಟು. ಇನ್ನು ಕಾಗದದ ವಿಷಯ. ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು, ಅದನ್ನೇ ಎತ್ತಿಹಿಡಿದು ಕೇರಳದಿಂದಲೇ ಹೋದ ಕೇಸಿನಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ ಬಂದಿದೆ. ಹಾಗಾಗಿ ಸ್ಪಾನರ್ ಹಿಡಿಯುವ ಮುಂಚೆ ಆರ್‌ಟಿಒ ಆಫೀಸಿನಲ್ಲಿ ಕೇಳಿಕೊಳ್ಳಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಅಜ್ಜನ ಕಾಲದ ಫಿಯಟ್ ಇದ್ದವರು ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಬೇಕಾದ್ದು ಮುಖ್ಯವಾಗಿ ಮೂರು: ಪೆಡಲ್, ಥ್ರಾಟಲ್ ಬಾಡಿ (ಗಾಳಿಯ ಮುಚ್ಚಳ ಮತ್ತು ಅದರ ಮೋಟಾರ್ ಇರುವ ಭಾಗ), ಮತ್ತು ಇವೆರಡನ್ನೂ ನಡೆಸಬಲ್ಲ ಇಸಿಯು, ಅಂದ್ರೆ ಎಂಜಿನ್ನಿನ ಕಂಪ್ಯೂಟರ್. ಪೆಡಲ್ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ, ಯಾಕಂದ್ರೆ ಕಾಮನ್ ರೈಲ್ (ಕಂಪ್ಯೂಟರ್ ನಡೆಸುವ ಇಂಜೆಕ್ಷನ್) ಡೀಸೆಲ್ ಗಾಡಿಗಳ ಪೆಡಲ್ ಎಲ್ಲ ಎಲೆಕ್ಟ್ರಾನಿಕ್ಕೇ. ಆರು ವಯರ್ ಇರುವುದನ್ನು ಆರಿಸಿ. ಎರಡು 5 ವೋಲ್ಟಿನದ್ದು, ಎರಡು ಅರ್ತ್, ಎರಡು ಸಿಗ್ನಲ್. ಒಂದೇ ಸಿಗ್ನಲ್ ಮತ್ತು ಒಂದು ಸ್ವಿಚ್ ಇರುವ ಹಳೆಯ ಬಗೆಯೂ ಉಂಟು, ಅದು ಬೇಡ. ಪ್ಲಗ್ಗನ್ನು ಒಂದು ಗೇಣು ವಯರ್ ಸಮೇತ ಕತ್ತರಿಸಿಕೊಂಡೇ ಬನ್ನಿ, ಆಮೇಲೆ ಬರೀ ಪ್ಲಗ್ ಹುಡುಕುವುದು ದೊಡ್ಡ ಗೋಳು.

ಥ್ರಾಟಲ್ ಬಾಡಿ ಮಾತ್ರ ಪೆಟ್ರೋಲ್ ಗಾಡಿಯದ್ದೇ ಆಗಬೇಕು. ಡೀಸೆಲ್ ಎಂಜಿನ್ನಿನಲ್ಲೂ ನೋಡಲು ಹಾಗೇ ಇರುವ ಒಂದು ಮುಚ್ಚಳ ಇರುತ್ತದೆ, ಅಂಗಡಿಯವರು ಅದನ್ನೇ ಕಡಿಮೆ ರೇಟಿಗೆ ಕೊಡುತ್ತಾರೆ. ಆದರೆ ಅದರ ಸ್ಪ್ರಿಂಗ್ ಉಲ್ಟಾ, ಕರೆಂಟ್ ಹೋದರೆ ಪೂರ್ತಿ ತೆರೆದುಕೊಳ್ಳುತ್ತದೆ! ಅಂಗಡಿಯಲ್ಲೇ ಬೆರಳಿನಿಂದ ಒತ್ತಿ ನೋಡಿ. ಪೆಟ್ರೋಲಿನದ್ದಾದರೆ ಮುಚ್ಚಳ ಸ್ವಲ್ಪವೇ ಸ್ವಲ್ಪ ತೆರೆದು ನಿಂತಿರುತ್ತದೆ. ಬಿಚ್ಚುವ ಕಡೆ ತಳ್ಳಿ ಬಿಟ್ಟರೆ ಅಲ್ಲಿಗೇ ವಾಪಸ್, ಮುಚ್ಚುವ ಕಡೆ ತಳ್ಳಿ ಬಿಟ್ಟರೂ ಅಲ್ಲಿಗೇ. ಮೋಟಾರ್ ಸತ್ತರೂ ಎಂಜಿನ್ ನಿಲ್ಲದೆ, ಓಡಿಯೂ ಹೋಗದೆ, ಮೆಲ್ಲ ಮನೆ ಮುಟ್ಟಲಿ ಅಂತ ಇರುವ ಜಾಗ ಅದು. ಸ್ಪ್ರಿಂಗ್ ಅರ್ಧದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಬಿಟ್ಟು ಬನ್ನಿ.

ಇಸಿಯು ವಿಷಯದಲ್ಲಿ ಉಳಿತಾಯ ಮಾಡಬೇಡಿ. ಹಾಲ್ಟೆಕ್, ಲಿಂಕ್, ರುಸ್‌ಇಎಫ್‌ಐ ಈ ಹೆಸರಿನ ಇಸಿಯುಗಳಲ್ಲಿ ಎಲೆಕ್ಟ್ರಾನಿಕ್ ಥ್ರಾಟಲ್ ನಡೆಸುವ ಮಾಡೆಲ್‌ಗಳಿವೆ. ಆರ್ಡುಯಿನೋ ಅನ್ನುವ, ಕಲಿಯುವವರು ಬಳಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ನಾನೇ ಮಾಡುತ್ತೇನೆ ಅಂತ ಹೊರಡುವ ಹುಡುಗರಿಗೆ ಒಂದು ಮಾತು: ಟೇಬಲ್ ಮೇಲೆ ಮಾಡಿ ಕಲಿಯಿರಿ, ಗಾಡಿಗೆ ಬೇಡ.

ಪೆಡಲ್ ಕೂರಿಸಲು 3 ಎಂಎಂ ತಗಡಿನ ಬ್ರಾಕೆಟ್ ವೆಲ್ಡ್ ಮಾಡಿಸಿದೆವು. ಬ್ರೇಕ್ ಪೆಡಲ್ಲಿಗಿಂತ ಸ್ವಲ್ಪ ಕೆಳಗಿರಲಿ. ಪೂರ್ತಿ ತುಳಿದಾಗ ಬ್ರಾಕೆಟ್ ಬಗ್ಗಬಾರದು, ಕಾಲ್ಚಾಪೆ ಅಡಿಗೆ ಸಿಗಬಾರದು. ಆಮೇಲೆ ಮಲ್ಟಿಮೀಟರ್ ಹಿಡಿದು ಎರಡೂ ಸಿಗ್ನಲ್ ನೋಡಿ. ಹೆಚ್ಚಿನ ಪೆಡಲ್‌ಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರುತ್ತದೆ, ಕಾಲು ಒತ್ತಿದಷ್ಟೂ ಎರಡೂ ಜೊತೆಗೇ ಏರುತ್ತವೆ. ಥ್ರಾಟಲ್ ಬಾಡಿಯಲ್ಲಾದರೆ ಹಲವು ಕಡೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಈ ಲೆಕ್ಕವನ್ನು ಇಸಿಯು ಸದಾ ತಾಳೆ ನೋಡುತ್ತಿರುತ್ತದೆ. ತಪ್ಪಿದರೆ ಮೋಟಾರಿನ ಕರೆಂಟ್ ಕಡಿಯಬೇಕು, ಹಾಗೆ ಸೆಟ್ಟಿಂಗ್ ಮಾಡಿಡಿ. ಮೋಟಾರಿಗೆ ಬೇರೆಯೇ ರಿಲೇ ಮತ್ತು ಫ್ಯೂಸ್ ಕೊಡಿ, ಅದರ ಎರಡು ವಯರ್ ಒಂದಕ್ಕೊಂದು ತಿರುಚಿ, ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ ವಯರಿನಿಂದ ದೂರ ಎಳೆಯಿರಿ.

ನಾನು ಎಡವಿದ್ದು ಅರ್ತಿನಲ್ಲಿ. ಪೆಡಲ್ ಸೆನ್ಸರಿನ ಅರ್ತನ್ನು ಡ್ಯಾಶ್ ಅಡಿಯ ಒಂದು ಬೋಲ್ಟಿಗೆ ಕಟ್ಟಿದ್ದೆ, ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಜುಲೈ ತಿಂಗಳು, ಪೆರ್ಲದ ಏರಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಗಾಡಿ ಕಾಲಿಗೆ ಓಗೊಡುವುದನ್ನೇ ಬಿಟ್ಟಿತು. ಎಂಜಿನ್ ಓಡುತ್ತಿದೆ, ಪೆಡಲ್ ತುಳಿದರೆ ಏನೂ ಇಲ್ಲ. ಬದಿಗೆ ತಂದು ನೋಡಿದರೆ ಬೋಲ್ಟಿನ ಅಡಿ ತುಕ್ಕಿನ ಪುಡಿ, ವಾಷರ್ ಕೈಯಲ್ಲೇ ತಿರುಗುತ್ತಿತ್ತು. ನಮ್ಮ ಕಡೆಯ ಮಳೆಗೂ ಕಡಲಿನ ಉಪ್ಪು ಗಾಳಿಗೂ ಬಾಡಿ ಅರ್ತ್ ನಂಬುವ ಹಾಗಿಲ್ಲ. ಸೆನ್ಸರ್‌ಗಳ ಅರ್ತ್ ನೇರ ಇಸಿಯುವಿನ ಸೆನ್ಸರ್ ಅರ್ತ್ ಪಿನ್ನಿಗೇ ಹೋಗಬೇಕು, ಬಾಡಿಗೆ ಅಲ್ಲ. ಪ್ಲಗ್‌ಗಳು ರಬ್ಬರ್ ಸೀಲ್ ಇರುವುದೇ ಆಗಬೇಕು. ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ಬಾಳುವುದಿಲ್ಲ. ಒಂದು ಸಮಾಧಾನ ಅಂದ್ರೆ, ತಪ್ಪು ನನ್ನದಾದರೂ ಕಡಿಯಬೇಕಾದಲ್ಲಿ ಇಸಿಯು ಕಡಿದಿತ್ತು.

ಎಲ್ಲ ಆದ ಮೇಲೆ ರಸ್ತೆಗೆ ಇಳಿಸುವ ಮುಂಚೆ ಅಂಗಳದಲ್ಲೇ ಕಿತ್ತು ನೋಡುವ ಪರೀಕ್ಷೆ ಮಾಡಿ, ಇದನ್ನು ಬಿಡಲೇಬಾರದು. ಮೊದಲು ಎಂಜಿನ್ ಆಫ್, ಇಗ್ನಿಷನ್ ಆನ್. ಒಬ್ಬರು ಪೆಡಲ್ ಅರ್ಧ ತುಳಿದು ಹಿಡಿಯಲಿ, ನೀವು ಪೆಡಲ್ಲಿನ ಪ್ಲಗ್ ಕೀಳಿ. ಮುಚ್ಚಳ ಟಕ್ ಅಂತ ಸ್ಪ್ರಿಂಗಿನ ಜಾಗಕ್ಕೆ ಬರಬೇಕು. ಥ್ರಾಟಲ್ ಬಾಡಿಯ ಪ್ಲಗ್ ಕಿತ್ತಾಗಲೂ, ಮೋಟಾರ್ ಫ್ಯೂಸ್ ಕಿತ್ತಾಗಲೂ ಅದೇ ಆಗಬೇಕು. ಆಮೇಲೆ ಗೇರ್ ನ್ಯೂಟ್ರಲ್ಲಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಓಡಿಸಿ ಮತ್ತೊಮ್ಮೆ ಎಲ್ಲವನ್ನೂ ಮಾಡಿ. ಬ್ರೇಕ್ ಸ್ವಿಚ್ಚಿನ ವಯರನ್ನೂ ಇಸಿಯುವಿಗೆ ಕೊಟ್ಟಿರಿ, ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೆ ತುಳಿದರೆ ಥ್ರಾಟಲ್ ಇಳಿಯುವ ಹಾಗೆ. ನಮ್ಮದರಲ್ಲಿ ಮೊದಲ ದಿನ ಇದು ಕೆಲಸ ಮಾಡಲಿಲ್ಲ. ಹುಡುಕಿದರೆ ಹಿಂದಿನ ಬ್ರೇಕ್ ಲೈಟೇ ಉರಿಯುತ್ತಿರಲಿಲ್ಲ, ಹಳೆಯ ಸ್ವಿಚ್ ಸತ್ತು ಎಷ್ಟು ದಿನವಾಗಿತ್ತೋ ಬಾವನಿಗೂ ಗೊತ್ತಿಲ್ಲ.