ಹವಳದ ಮೈ ಕಳಚಿ ಬೀಳುತ್ತಿದೆಯಾ? ಮೊದಲು ಇಷ್ಟು ನೋಡಿ

ಸಮುದ್ರ ನೀರಿನ ಅಕ್ವೇರಿಯಂನಲ್ಲಿ ಹವಳ ಬೆಳ್ಳಗಾದ ತಕ್ಷಣ ಡೋಸಿಂಗ್ ಬಾಟಲಿಗೆ (ನೀರಿಗೆ ಸೇರಿಸುವ ಪೂರಕ ದ್ರಾವಣ) ಕೈ ಹಾಕಬೇಡಿ. ಬ್ಲೀಚ್ ಆಗಿದ್ದರೆ ಬಣ್ಣ ಮಾತ್ರ ಹೋಗಿರುತ್ತದೆ, ಅಂಗಾಂಶದ ತೆಳು ಪದರ ಮತ್ತು ಪಾಲಿಪ್‌ಗಳು (ಹವಳದ ಪುಟ್ಟ ಜೀವಿಗಳು) ಇನ್ನೂ ಇರುತ್ತವೆ. ಅಂಗಾಂಶವೇ ಹೋಗಿದ್ದರೆ ಬರೀ ಅಸ್ಥಿಪಂಜರ ಕಾಣುತ್ತದೆ, ಕೆಲವು ದಿನಗಳಲ್ಲಿ ಅದರ ಮೇಲೆ ಪಾಚಿ ಹತ್ತುತ್ತದೆ.

ಆಮೇಲೆ ವೇಗ ನೋಡಿ. ಅಕ್ರೊಪೊರಾ (ಕೊಂಬೆ ಕೊಂಬೆಯಾಗಿ ಬೆಳೆಯುವ ಹವಳ) ಒಂದೆರಡು ದಿನದಲ್ಲೇ ಬೋಳಾಗುತ್ತಿದ್ದರೆ ಕಾಯಬೇಡಿ, ಚೆನ್ನಾಗಿರುವ ತುದಿಗಳನ್ನು ಅಂಗಾಂಶ ಕಳಚುತ್ತಿರುವ ಬಿಳಿ ಗೆರೆಯಿಂದ ದೂರಕ್ಕೆ ಕತ್ತರಿಸಿ ಬೇರೆ ಕಡೆ ಅಂಟಿಸಿ. ಬುಡದಿಂದ ನಿಧಾನಕ್ಕೆ ಹೋಗುತ್ತಿದ್ದರೆ ಪರೀಕ್ಷೆಗೆ ಸಮಯ ಇದೆ.

ನನ್ನ ಮೊದಲ ಅನುಮಾನ ಯಾವಾಗಲೂ ಆಲ್ಕಲಿನಿಟಿ (ನೀರಿನ ಕ್ಷಾರೀಯತೆ, ಡಿಕೆಎಚ್‌ನಲ್ಲಿ ಅಳೆಯುತ್ತಾರೆ) ಮೇಲೆ. 8 ಡಿಕೆಎಚ್ ಆದರೂ ಸರಿ, 9 ಆದರೂ ಸರಿ, ಆದರೆ ದಿನಕ್ಕೊಂದು ಅಂಕಿ ಬರುತ್ತಿದ್ದರೆ ಹವಳ ತಡೆಯುವುದಿಲ್ಲ, ಹಾಗಾಗಿ ನಾಲ್ಕೈದು ದಿನ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ತೋರಿಸುತ್ತಿದೆ ಅಂತ ಸುಮ್ನೆ ನಂಬಬೇಡಿ, 35 ಪಿಪಿಟಿ ದ್ರಾವಣ ಹಾಕಿ ಸರಿಹೊಂದಿಸಿ. ಫಾಸ್ಫೇಟ್, ನೈಟ್ರೇಟ್ ಸೊನ್ನೆ ಬಂದರೆ ಅದೂ ಖುಷಿಯ ವಿಷಯವಲ್ಲ.

ನೀರು ಸರಿಯಿದ್ದರೆ ಹುಳು ಹುಡುಕಿ. ಟರ್ಕಿ ಬೇಸ್ಟರ್‌ನಿಂದ (ರಬ್ಬರ್ ಬುಡ್ಡೆಯ ದೊಡ್ಡ ಪಿಚಕಾರಿ) ಕೊಂಬೆಗಳ ಮೇಲೆ ಜೋರಾಗಿ ನೀರು ಹಾಯಿಸಿ, ಏನು ಉದುರುತ್ತದೆ ನೋಡಿ. ಅಕ್ರೊಪೊರಾ ಮೇಲೆ ದುಂಡನೆಯ ಕಚ್ಚಿದ ಗುರುತು, ಬುಡದಲ್ಲಿ ಕಂದು ಮೊಟ್ಟೆ ಇದ್ದರೆ ಅದು ಚಪ್ಪಟೆ ಹುಳು. ಮಾಂಟಿಪೊರಾ ಎಂಬ ಹವಳ ಆದರೆ ಅಡಿಭಾಗ ತಿರುಗಿಸಿ ನೋಡಿ, ಪುಟಾಣಿ ಬಿಳಿ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಗೊಂಡೆಹುಳು) ಅಲ್ಲೇ ಅಡಗಿರುತ್ತದೆ. ಡಿಪ್‌ಗೆ (ಹವಳವನ್ನು ಔಷಧಿ ನೀರಿನಲ್ಲಿ ಅದ್ದುವುದು) ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ, ಅದನ್ನು ಕೆರೆದೇ ತೆಗೆಯಬೇಕು.

ಏನೂ ಸಿಗಲಿಲ್ವಾ? ಪಂಪಿನ ಆಯಸ್ಕಾಂತಕ್ಕೆ ತುಕ್ಕು ಹಿಡಿದಿದೆಯಾ ನೋಡಿ, ನೀರು ಸೋಸುವ ಕಾರ್ಬನ್ (ಸಕ್ರಿಯ ಇದ್ದಿಲು) ಹೊಸದು ಹಾಕಿ. ಉಳಿದದ್ದನ್ನೆಲ್ಲ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ.