ಪ್ರಾಗ್‌ಗೆ ಹೊಸದಾಗಿ ಬಂದಿದ್ದೀರಾ? ಜೆಕ್ ಮಂದಿ ಓದುವ ಅಮೆರಿಕದ ಗೇ ಕಾದಂಬರಿಗಳ ಬಗ್ಗೆ ಒಂದಿಷ್ಟು

ವೀಸಾ, ಬಾಡಿಗೆ ಮನೆ, ಟ್ರ್ಯಾಮ್ ಪಾಸು ಇವನ್ನೆಲ್ಲ ಬೇರೆಯವರು ಹೇಳಿಕೊಡುತ್ತಾರೆ. ನನ್ನದು ಪುಸ್ತಕದ ಮಾತು. ಇಲ್ಲಿನವರು ಮನೆಗೆ ಕರೆಯೋಕೆ ವರ್ಷ ತೆಗೆದುಕೊಳ್ಳುತ್ತಾರೆ, ಆದರೆ ಓದಿದ ಕಾದಂಬರಿಯ ಮಾತು ಎತ್ತಿ ನೋಡಿ, ಟ್ರ್ಯಾಮ್ ಇಳಿಯುವುದನ್ನೂ ಮರೆಯುತ್ತಾರೆ.

ಮೊದಲು ಒಂದು ಎಚ್ಚರಿಕೆ. ಸೆಕೆ ಆದಾಗ ಇಂಗ್ಲಿಷ್‌ನಲ್ಲಿ ಯೋಚಿಸಿ 'ಸೆಮ್ ತೆಪ್ಲೀ' ಅಂದುಬಿಡಬೇಡಿ. ತೆಪ್ಲೀ ಅಂದರೆ ಬೆಚ್ಚಗಿನದು, ಆಡುಮಾತಿನಲ್ಲಿ ಗೇ ಅಂತಲೂ ಅರ್ಥ. ನಾನು ಮೊದಲ ಬೇಸಿಗೆಯಲ್ಲೇ, ತುಂಬಿದ ಮೀಟಿಂಗ್‌ನಲ್ಲಿ ಹೀಗಂದೆ. ಒಂದು ಕ್ಷಣ ಎಲ್ಲರೂ ಗಪ್‌ಚಿಪ್. ಆಮೇಲೆ ಒಬ್ಬಾಕೆ ನಗು ತಡೆದುಕೊಂಡು ಎದ್ದು ಹೋಗಿ ಕಿಟಕಿ ತೆಗೆದರು. ಕನ್ನಡದಲ್ಲಿ ಯೋಚಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು: ನಾವು 'ನನಗೆ ಸೆಕೆ' ಅನ್ನುವ ಹಾಗೇ ಅವರು 'ಯೆ ಮಿ ತೆಪ್ಲೊ' ಅನ್ನುತ್ತಾರೆ, 'ಮಿ' ಅಂದರೆ 'ನನಗೆ'.

ಇದೇ ಪದ ಅನುವಾದಕರಿಗೂ ತಲೆನೋವು. ಅಮೆರಿಕದ ಪಾತ್ರ ತನ್ನನ್ನು ಗೇ ಅಂದುಕೊಂಡರೆ ಜೆಕ್‌ನಲ್ಲಿ 'ಗೇಯ್' ಅಂತ ಬರೆಯಬೇಕಾ, 'ತೆಪ್ಲೀ' ಅಂತಲಾ? ಮೊದಲನೆಯದು ಸ್ವಲ್ಪ ಪೇಪರ್ ಭಾಷೆ, ಎರಡನೆಯದರಲ್ಲಿ ಹೇಳುವ ಬಾಯಿ ನೋಡಿಕೊಂಡು ಸಲುಗೆಯೂ ಇರುತ್ತದೆ, ಕುಹಕವೂ ಇರುತ್ತದೆ. ಇನ್ನೊಂದು ಪೇಚು ವ್ಯಾಕರಣದ್ದು. ಕನ್ನಡದಲ್ಲಿ 'ನಾನು ಪ್ರೀತಿಸಿದೆ' ಅಂದರೆ ಗಂಡೋ ಹೆಣ್ಣೋ ಗೊತ್ತಾಗಲ್ಲ ಅಲ್ವಾ? ಇಂಗ್ಲಿಷ್‌ನಲ್ಲೂ ಅಷ್ಟೇ. ಜೆಕ್‌ನಲ್ಲಿ ಗಂಡಸು 'ಮಿಲೊವಲ್' ಅನ್ನಬೇಕು, ಹೆಂಗಸು 'ಮಿಲೊವಲಾ'. ಹಾಗಾಗಿ ಅಮೆರಿಕದ ಲೇಖಕ ಹತ್ತು ಪುಟ ಮುಚ್ಚಿಟ್ಟ ಗುಟ್ಟು ಇಲ್ಲಿ ಮೊದಲ ಸಾಲಿನಲ್ಲೇ ಬಾಯಿಬಿಡುತ್ತದೆ. 'ಪ್ರ್ಶೀತೆಲ್' ಅನ್ನುವ ಪದ ಮಾತ್ರ ಸ್ವಲ್ಪ ಕಾಪಾಡುತ್ತದೆ, ಅದು ಸ್ನೇಹಿತನೂ ಹೌದು, ಬಾಯ್‌ಫ್ರೆಂಡೂ ಹೌದು. (ಸಹೋದ್ಯೋಗಿಯನ್ನು ಪರಿಚಯ ಮಾಡಿಕೊಡುವಾಗ ನೀವು 'ಕಮರಾದ್' ಅನ್ನಿ, ಸುಮ್ನೆ ಗೊಂದಲ ಬೇಡ.)

ಹೆಸರುಗಳ ಮೇಲಂತೂ ಜಗಳ ಮುಗಿಯಲ್ಲ. ಆಂದ್ರೆ ಆಸಿಮನ್ ಅವರ ಕಾದಂಬರಿಯ ಹೆಸರು ಮೂಲದಲ್ಲಿ 'ನಿನ್ನ ಹೆಸರಿಂದ ನನ್ನನ್ನು ಕರೆ' ಅನ್ನುವ ಅರ್ಥದ್ದು. ಜೆಕ್‌ನಲ್ಲಿ ಅದು 'ದೇಯ್ ಮಿ ಸ್ವೇ ಯ್ಮೇನೊ', ಅಂದರೆ 'ನಿನ್ನ ಹೆಸರು ನನಗೆ ಕೊಡು'. ನನಗೆ ಜೆಕ್ ಹೆಸರೇ ಜಾಸ್ತಿ ಇಷ್ಟ, ಬೇಡುವ ದನಿ ಇದೆ ಅದರಲ್ಲಿ. ಆನಿ ಪ್ರೂ ಅವರ ಕಥೆಯಿಂದ ಬಂದ 'ಬ್ರೋಕ್‌ಬ್ಯಾಕ್ ಮೌಂಟನ್' ಸಿನಿಮಾ ಇಲ್ಲಿ 'ಸ್ಕ್ರೊತ್ಸೆನಾ ಹೊರಾ', ಪಳಗಿಸಿದ ಬೆಟ್ಟ. ಅದರಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ದನಗಾಹಿಗಳ ಪಾಡು ನೆನೆದರೆ, ಪಳಗಿದ್ದು ಯಾರು ಅಂತ ಕೇಳಬೇಕೆನ್ನಿಸುತ್ತದೆ.

ಹಾನ್ಯಾ ಯಾನಗಿಹಾರಾ ಅವರ 'ಮಲೀ ಜಿವೊತ್' (ಪುಟ್ಟ ಬದುಕು) 2017ರಲ್ಲಿ ಓದೆಯೊನ್ ಪ್ರಕಾಶನದಿಂದ ಬಂತು, ಇಟ್ಟಿಗೆಯಷ್ಟು ದಪ್ಪ. ನನ್ನ ಪಕ್ಕದ ಮನೆಯ ಅಜ್ಜಿ ಅದನ್ನು ವಾರಾಂತ್ಯಕ್ಕೆ ಹಳ್ಳಿಮನೆಗೆ ಒಯ್ದು, ಭಾನುವಾರ ಮುಖ ಊದಿಸಿಕೊಂಡು ವಾಪಸ್ ಬಂದರು. 'ಗಂಡಸರು ಗಂಡಸರನ್ನು ಪ್ರೀತಿಸಿದರೆ ನನಗೇನು? ಆದರೆ ಆ ಹುಡುಗನಿಗೆ ಇಷ್ಟೊಂದು ಹಿಂಸೆ ಯಾಕೆ, ಅಮೆರಿಕದವರಿಗೆ ಅಳೋದು ಅಂದರೆ ಯಾಕಿಷ್ಟು ಖುಷಿ' ಅಂತ ಮೆಟ್ಟಿಲ ಮೇಲೇ ಕ್ಲಾಸ್ ತೆಗೆದುಕೊಂಡರು. ಇಲ್ಲಿ ನನ್ನ ಕಿವಿಗೆ ಬೀಳುವ ದೂರು ಹೆಚ್ಚಾಗಿ ಇದೇ ಬಗೆಯದು. ಗೋಳು ಅತಿಯಾದರೆ ಇವರಿಗೆ ಆಗಲ್ಲ.

ಹಾಗಂತ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದದ್ದು 1961ರ ಕಾನೂನು. ನಾಲ್ಕೇ ವರ್ಷಕ್ಕೆ, 1965ರ ಮೇ 1ರಂದು, ಅಮೆರಿಕದ ಗೇ ಕವಿ ಅಲೆನ್ ಗಿನ್ಸ್‌ಬರ್ಗ್ ಅವರನ್ನು ಇಲ್ಲಿನ ವಿದ್ಯಾರ್ಥಿಗಳು ತಮ್ಮ ಮೇ ಹಬ್ಬದ ರಾಜನನ್ನಾಗಿ ಮಾಡಿದರು, ಒಂದು ವಾರದೊಳಗೆ ಸರ್ಕಾರ ವಿಮಾನ ಹತ್ತಿಸಿತು. ಯಾನ್ ಜಾಬ್ರನಾ ಜೆಕ್‌ಗೆ ಅನುವಾದಿಸಿದ ಗಿನ್ಸ್‌ಬರ್ಗ್ ಕವಿತೆ 'ಹೌಲ್' ಪುಸ್ತಕವಾಗಿದ್ದು 1990ರಲ್ಲಿ, ಕಮ್ಯುನಿಸ್ಟರು ಹೋದ ಮೇಲೆ. ಅರವತ್ತು ದಾಟಿದವರ ಹತ್ತಿರ ಗಿನ್ಸ್‌ಬರ್ಗ್ ಹೆಸರು ಎತ್ತಿ ನೋಡಿ, ಕಥೆ ತಾನಾಗಿ ಬರುತ್ತದೆ. ಸಲಿಂಗ ಜೋಡಿಗಳ ಸಂಬಂಧಕ್ಕೆ ಇವತ್ತಿಗೂ ಮದುವೆ ಅನ್ನುವ ಹೆಸರು ಸಿಕ್ಕಿಲ್ಲ. 2006ರಿಂದ ನೋಂದಾಯಿತ ಸಹಜೀವನ ಇತ್ತು, 2025ರ ಜನವರಿಯಿಂದ ಹಕ್ಕುಗಳು ಜಾಸ್ತಿಯಾಗಿ ಅದು ಬರೀ 'ಪಾರ್ಟ್ನರ್‌ಸ್ತ್ವೀ' (ಸಹಜೀವನ) ಆಗಿದೆ.

ಪುಸ್ತಕ ಬೇಕಿದ್ದರೆ ಮಾರಿಯಾನ್ಸ್ಕೆ ಚೌಕದ ನಗರ ಗ್ರಂಥಾಲಯಕ್ಕೆ ಹೋಗಿ, ಬಾಗಿಲಲ್ಲೇ ಪುಸ್ತಕಗಳ ಗೋಪುರ ಇದೆ, ಒಳಗೆ ಕನ್ನಡಿ ಇಟ್ಟಿದ್ದಾರೆ, ಬಗ್ಗಿ ನೋಡಿದರೆ ತಳವೇ ಕಾಣಲ್ಲ. ಶುರುವಿಗೆ ಆಸಿಮನ್ ತಗೊಳ್ಳಿ, ತೆಳ್ಳಗಿದೆ. ದಪ್ಪನೆಯದು ಬೇಕಾದರೆ ನನಗೆ ಹೇಳಿ. ಅಜ್ಜಿ ಅವರ ಪ್ರತಿಯನ್ನು ನನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದಾರೆ, ಮನೆಯಲ್ಲಿ ಇಟ್ಟುಕೊಳ್ಳಲ್ಲವಂತೆ.