ಕೇಬಲ್ ಇನ್ಸುಲೇಶನ್ ಒಳಗಿನ ಕಿಡಿಯನ್ನು ಪತ್ತೆ ಹಚ್ಚುವುದು ಹೇಗೆ?

ಹೈವೋಲ್ಟೇಜ್ ಕೇಬಲ್ ಹೊರಗಿನಿಂದ ಹೊಸದರಂತೆ ಕಾಣುತ್ತಿರಬಹುದು. ಆದರೆ ಇನ್ಸುಲೇಶನ್ ಒಳಗೆ ಕೂದಲೆಳೆ ದಪ್ಪದ ಗಾಳಿಗುಳ್ಳೆಯೊಂದು ಉಳಿದಿದ್ದರೂ ಅಪಾಯವೇ. ಇನ್ಸುಲೇಶನ್ ಆಗಿರುವ ಎಕ್ಸ್‌ಎಲ್‌ಪಿಇ (ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್) ಪ್ಲಾಸ್ಟಿಕ್ ತಡೆಯುವಷ್ಟು ವಿದ್ಯುತ್ ಒತ್ತಡವನ್ನು ಗಾಳಿ ತಡೆಯುವುದಿಲ್ಲ. ಸಾಲದ್ದಕ್ಕೆ, ಗುಳ್ಳೆ ಚಪ್ಪಟೆಯಾಗಿ ವಿದ್ಯುತ್ ಕ್ಷೇತ್ರಕ್ಕೆ ಅಡ್ಡಲಾಗಿದ್ದರೆ ಅದರೊಳಗಿನ ಕ್ಷೇತ್ರ ಸುತ್ತಲಿಗಿಂತ ಸುಮಾರು 2.3 ಪಟ್ಟು ಜಾಸ್ತಿ. ದುಂಡಗಿದ್ದರೆ 1.2 ಪಟ್ಟು. ಹಾಗಾಗಿ ಗುಳ್ಳೆಯೊಳಗೆ ಮಾತ್ರ ಕಿಡಿ ಹಾರುತ್ತದೆ. ಇದೇ ಪಾರ್ಶಿಯಲ್ ಡಿಸ್ಚಾರ್ಜ್, ಅಂದರೆ ಇನ್ಸುಲೇಶನ್ ಪೂರ್ತಿ ದಾಟದ ಅರೆಬರೆ ಕಿಡಿ. ಮತ್ತೆ ಮತ್ತೆ ಕಿಡಿ ಬಿದ್ದು ಗುಳ್ಳೆಯ ಗೋಡೆ ಸವೆಯುತ್ತದೆ, ಕವಲು ಕವಲಾಗಿ ಸೀಳು ಬೆಳೆಯುತ್ತದೆ. ಆ ಸೀಳು ಇನ್ಸುಲೇಶನ್ ಪೂರ್ತಿ ದಾಟಿದರೆ ಕೇಬಲ್ ಹೋಯಿತು.

ಪತ್ತೆ ಹಚ್ಚುವುದು ತರಬೇತಾದ ತಂಡದ ಕೆಲಸ. ಮೊದಲು ಲೈನ್ ಆಫ್ ಮಾಡಿ, ಎರಡೂ ತುದಿ ಬಿಡಿಸಿ, ವೋಲ್ಟೇಜ್ ಇಲ್ಲವೆಂದು ಪರೀಕ್ಷಿಸಿ, ಅರ್ತ್ ಮಾಡಬೇಕು. ಟರ್ಮಿನೇಶನ್‌ಗಳನ್ನು, ಅಂದರೆ ಕೇಬಲ್ ತುದಿಯ ಜೋಡಣೆಗಳನ್ನು, ಒರೆಸಿ ಒಣಗಿಸಿ. ಅಲ್ಲಿನ ಕೊಳೆಯೂ ಸಿಗ್ನಲ್ ಕೊಡುತ್ತದೆ, ಸುಮ್ನೆ ದಾರಿ ತಪ್ಪಿಸುತ್ತದೆ.

ಮುಂದಿನದು ಕ್ಯಾಲಿಬ್ರೇಶನ್, ಅಂದರೆ ಮೀಟರನ್ನು ಸರಿಹೊಂದಿಸುವುದು. ಗುಳ್ಳೆಯೊಳಗೆ ನಿಜವಾಗಿ ಹರಿದ ಚಾರ್ಜ್ ನಮಗೆ ಸಿಗುವುದೇ ಇಲ್ಲ. ಕೇಬಲ್ ತುದಿಯಲ್ಲಿ ಕಾಣುವಷ್ಟನ್ನೇ ಪಿಕೋಕೂಲಂಬ್ ಎಂಬ ತೀರಾ ಚಿಕ್ಕ ಅಳತೆಯಲ್ಲಿ ಅಳೆಯುತ್ತೇವೆ. ಅದಕ್ಕೇ ಕಂಡಕ್ಟರ್ (ಒಳಗಿನ ತಂತಿ) ಮತ್ತು ಸ್ಕ್ರೀನ್ (ಇನ್ಸುಲೇಶನ್ ಸುತ್ತಲಿನ ಲೋಹದ ಪದರ) ನಡುವೆ ಗೊತ್ತಿರುವಷ್ಟು ಚಾರ್ಜ್ ಕೊಟ್ಟು, ಮೀಟರ್ ಅಷ್ಟೇ ತೋರಿಸುವಂತೆ ಹೊಂದಿಸಬೇಕು. ಈ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60270 ಹೇಳುವುದೂ ಇದನ್ನೇ. ಹೈವೋಲ್ಟೇಜ್ ಕೊಡುವ ಮುಂಚೆ ಕ್ಯಾಲಿಬ್ರೇಟರ್ ತೆಗೆದಿದ್ದೀರಾ ಎಂದು ಇನ್ನೊಮ್ಮೆ ನೋಡಿ.

ಈಗ ವೋಲ್ಟೇಜನ್ನು ನಿಧಾನವಾಗಿ ಏರಿಸಿ. ಕಿಡಿ ಶುರುವಾದ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಇಳಿಸುತ್ತಾ, ಕಿಡಿ ನಿಂತ ವೋಲ್ಟೇಜನ್ನೂ ಬರೆದುಕೊಳ್ಳಿ. ಇಡೀ ಪರೀಕ್ಷೆಯಲ್ಲಿ ಪಿಕೋಕೂಲಂಬ್ ಲೆಕ್ಕಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಈ ಎರಡನೇ ಅಂಕಿಗೆ. 11 ಕೆವಿ ಲೈನ್ ಎಂದರೆ ಎರಡು ಫೇಸ್‌ಗಳ ನಡುವೆ 11 ಕೆವಿ; ಕಂಡಕ್ಟರ್‌ನಿಂದ ಭೂಮಿಗೆ ಇರುವುದು ಸುಮಾರು 6.35 ಕೆವಿ. ಕಿಡಿ 9 ಕೆವಿಯಲ್ಲಿ ಶುರುವಾಗಿ 5.5ರಲ್ಲಿ ನಿಂತಿತು ಅಂದುಕೊಳ್ಳಿ. ದಿನನಿತ್ಯದ ವೋಲ್ಟೇಜ್‌ನಲ್ಲಿ ಅದು ತಾನಾಗಿ ಶುರುವಾಗದಿರಬಹುದು. ಆದರೆ ಸ್ವಿಚಿಂಗ್‌ನ ಒಂದು ಸರ್ಜ್ (ಕ್ಷಣಕಾಲ ಏರುವ ವೋಲ್ಟೇಜ್) ಹೊತ್ತಿಸಿದರೆ, 6.35 ಕೆವಿ 5.5ಕ್ಕಿಂತ ಹೆಚ್ಚಿರುವುದರಿಂದ ಆಮೇಲೆ ನಿಲ್ಲುವುದಿಲ್ಲ. ಇಂಥ ಕೇಬಲನ್ನು ಪಾಸ್ ಮಾಡಬಾರದು.

ಮೀಟರ್ ಪರದೆಯ ಮೇಲಿನ ಚಿತ್ರವನ್ನೂ ಓದಬೇಕು. ಎಸಿ ವೋಲ್ಟೇಜ್ ಏರಿಳಿಯುವ ಅಲೆಯ ಮೇಲೆ ಒಂದೊಂದು ಕಿಡಿಯೂ ಒಂದು ಚುಕ್ಕೆಯಾಗಿ ಕಾಣುತ್ತದೆ. ಒಳಗಿನ ಗುಳ್ಳೆಯಾದರೆ ಚುಕ್ಕೆಗಳು ವೋಲ್ಟೇಜ್ ಶಿಖರ ಮುಟ್ಟುವ ಮುಂಚೆ, ಅದು ಏರುವಾಗಲೇ ಗುಂಪುಗೂಡುತ್ತವೆ. ಎರಡೂ ಅರ್ಧ ಸೈಕಲ್‌ಗಳಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಚುಕ್ಕೆಗಳು ಒಂದೇ ಅರ್ಧದ ಶಿಖರದಲ್ಲಿ ಕೂತಿದ್ದರೆ ಅದು ಹೊರಗಿನ ಯಾವುದೋ ಚೂಪು ತುದಿಯಿಂದ ಗಾಳಿಗೆ ಸೋರುವ ಡಿಸ್ಚಾರ್ಜ್, ಅಂದರೆ ಕರೋನಾ, ಇರಬಹುದು. ಕೇಬಲ್ ಅಗೆಯುವ ಮುಂಚೆ ಆ ತುದಿಯನ್ನು ನೋಡಿ.

ಜಾಗ ಹುಡುಕುವ ಉಪಾಯ ಚೆನ್ನಾಗಿದೆ. ಕಿಡಿಯ ಪಲ್ಸ್ (ಕ್ಷಣಿಕ ವಿದ್ಯುತ್ ಮಿಡಿತ) ಕೇಬಲ್‌ನಲ್ಲಿ ಎರಡೂ ಕಡೆ ಓಡುತ್ತದೆ. ಒಂದು ನೇರ ನಮ್ಮ ಕಡೆ ಬರುತ್ತದೆ, ಇನ್ನೊಂದು ಆಚೆ ತುದಿಗೆ ಬಡಿದು ವಾಪಸ್ ಬರುತ್ತದೆ. 800 ಮೀಟರ್ ಕೇಬಲ್‌ಗೆ ನಾವೇ ಕೊಟ್ಟ ಪಲ್ಸ್ ಹೋಗಿ ಬರಲು 10 ಮೈಕ್ರೊಸೆಕೆಂಡ್ ಹಿಡಿದರೆ, ವೇಗ ಮೈಕ್ರೊಸೆಕೆಂಡಿಗೆ 160 ಮೀಟರ್. ಕಿಡಿಯ ಎರಡು ಪಲ್ಸ್‌ಗಳ ಅಂತರ 3 ಮೈಕ್ರೊಸೆಕೆಂಡ್ ಇದ್ದರೆ, 160ನ್ನು 3ರಿಂದ ಗುಣಿಸಿ ಅರ್ಧ ಮಾಡಿ. ದೋಷ ಆಚೆ ತುದಿಯಿಂದ 240 ಮೀಟರ್ ದೂರದಲ್ಲಿದೆ. ಆ ಲೆಕ್ಕವನ್ನು ಕೇಬಲ್ ನಕ್ಷೆಯ ಮೇಲಿಟ್ಟು ನೋಡಿ. ಅಲ್ಲಿ ಜಾಯಿಂಟ್ (ಎರಡು ತುಂಡು ಕೇಬಲ್ ಸೇರಿಸಿದ ಜಾಗ) ಇದ್ದರೆ ಮೊದಲ ಅನುಮಾನ ಅದರ ಮೇಲೇ.

ಕೊನೆಗೆ ವೋಲ್ಟೇಜ್ ಸೊನ್ನೆಗೆ ಇಳಿಸಿ, ಡಿಸ್ಚಾರ್ಜ್ ರಾಡ್‌ನಿಂದ ಚಾರ್ಜ್ ಇಳಿಸಿ, ಅರ್ತ್ ಮಾಡಿದ ಮೇಲಷ್ಟೇ ಕೇಬಲ್ ಮುಟ್ಟಿ. ಜಾಯಿಂಟ್ ಹೊಸದಾಗಿ ಮಾಡಿಸಿದರೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸದನ್ನೂ ಬರೆದಿಡಿ.